ಕೆಲಸ ಮಾಡಿಸ್ಕೊಂಡ್ರು, ಕಾಗದ ಕೊಡಲಿಲ್ಲ: ಸರ್ಕಾರದ ಎದುರು ಗುತ್ತಿಗೆದಾರನ ವಕೀಲ

ಇವತ್ತಿನ ಎಪಿಸೋಡಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಕೆಲವು ಶೆಡ್‌ಗಳು, ಒಂದು ಕಚ್ಚಾ ರಸ್ತೆ, ಒಂದು ಅಡುಗೆಕೋಣೆ ಮತ್ತು ಸುಮಾರು 19 ಸಾವಿರ ರೂಪಾಯಿಯ ಒಂದು ಬಿಲ್ ಇದೆ. ಆ ಬಿಲ್ ವಸೂಲಾಗೋಕೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಕೂತು ತೀರ್ಪು ಬರೆಯಬೇಕಾಯ್ತು. ಅಷ್ಟು ಹೊತ್ತಿಗೆ ಕೆಲಸ ಮುಗಿದು 17 ವರ್ಷ ಆಗಿತ್ತು.

ಇಸವಿ 1944. ಜಾಗ ಬಂಗಾಳದ ಹೂಗ್ಲಿ ಜಿಲ್ಲೆಯ ಆರಾಮ್‌ಬಾಗ್. ಹಿಂದಿನ ವರ್ಷವಷ್ಟೇ ಬಂಗಾಳದ ಕ್ಷಾಮ ಲಕ್ಷಾಂತರ ಜನರನ್ನು ಬಲಿ ತಗೊಂಡಿತ್ತು. ಸರ್ಕಾರದ ಸಿವಿಲ್ ಸಪ್ಲೈಸ್ ಇಲಾಖೆಗೆ ಗೋಡೌನ್ ಬೇಕಿತ್ತು, ಅದೂ ಬೇಗ. ಬಿ.ಕೆ. ಮಂಡಲ್ ಅಂಡ್ ಸನ್ಸ್ ಅನ್ನೋ ಕಟ್ಟಡ ಗುತ್ತಿಗೆ ಸಂಸ್ಥೆ ತಾತ್ಕಾಲಿಕ ಗೋಡೌನ್ ಕಟ್ಟಿಕೊಟ್ಟಿತು. ಅಲ್ಲಿಗೆ ನಿಲ್ಲಲಿಲ್ಲ. ಒಂದು ರಸ್ತೆ ಬೇಕು ಅಂದ್ರು, ಕಾವಲುಗಾರರಿಗೆ ಕೋಣೆ ಬೇಕು ಅಂದ್ರು, ಆಫೀಸು, ಅಡುಗೆಮನೆ, ಗುಮಾಸ್ತರಿಗೆ ಇರೋಕೆ ಜಾಗ. ಖಾನಾಕುಲ್ ಅನ್ನೋ ಇನ್ನೊಂದು ಊರಲ್ಲಿ ಮತ್ತೊಂದಷ್ಟು ಶೆಡ್. ಮಂಡಲ್‌ನವರು ಎಲ್ಲ ಕಟ್ಟಿದರು, ಇಲಾಖೆ ಎಲ್ಲ ಬಳಸಿಕೊಂಡಿತು. ಬಿಲ್ ಹೋದ ಮೇಲೆ ಸರ್ಕಾರದ ಕಡೆಯಿಂದ ಬಂದ ವಾದದ ಸಾರ ಇಷ್ಟು: ಕೆಲಸ ಹೇಳಿದ ಅಧಿಕಾರಿಗಳಿಗೆ ಹೇಳೋ ಅಧಿಕಾರ ಇರಲಿಲ್ಲ, ನಿಮ್ಮ ಜೊತೆ ನಮಗೆ ಕಾನೂನುಬದ್ಧ ಒಪ್ಪಂದವೇ ಇಲ್ಲ.

ಮುಂದೆ ಏನಾಯ್ತು ಅನ್ನೋದು ಬೇಕಾದ್ರೆ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು. ಯಾಕಂದ್ರೆ ಅದಕ್ಕೂ ಮೊದಲು ಒಂದು ಪ್ರಶ್ನೆ ಇದೆ. ಸರ್ಕಾರದ ಮೇಲೆ ಕೇಸ್ ಹಾಕೋಕೆ ಆಗುತ್ತಾ?

ಈಗ ಇದು ಪೆದ್ದು ಪ್ರಶ್ನೆ ಅನ್ನಿಸಬಹುದು. ಇಂಗ್ಲೆಂಡಿನಲ್ಲಿ ಬಹಳ ಕಾಲ ರಾಜನ ಮೇಲೆ ಅವನದೇ ಕೋರ್ಟಲ್ಲಿ ಮಾಮೂಲಿ ದಾವೆ ಹೂಡೋಕೆ ಆಗ್ತಿರಲಿಲ್ಲ. ಆದರೆ ಭಾರತದಲ್ಲಿ ಮೊದಲು ಆಳಿದ್ದು ಒಂದು ವ್ಯಾಪಾರಿ ಕಂಪನಿ. ಕಂಪನಿ ಸಾಮಾನು ತಗೊಳ್ಳುತ್ತೆ, ಮಾರುತ್ತೆ, ಸಾಲ ಮಾಡುತ್ತೆ, ಹಾಗಾಗಿ ಅದರ ಮೇಲೆ ಕೇಸ್ ಹಾಕಬಹುದಿತ್ತು. 1858ರಲ್ಲಿ ಆಡಳಿತ ರಾಣಿಯ ಕೈಗೆ ಹೋದಾಗ, ಕಂಪನಿ ಮೇಲೆ ಹಾಕಬಹುದಾಗಿದ್ದ ಕೇಸನ್ನು ಇನ್ನು ಮುಂದೆ ಸೆಕ್ರೆಟರಿ ಆಫ್ ಸ್ಟೇಟ್ ಮೇಲೆ ಹಾಕಬಹುದು ಅಂತ ಕಾಯಿದೆಯಲ್ಲೇ ಬರೆದರು. ಅಂಗಡಿ ಕೈ ಬದಲಾದರೂ ಹಳೇ ಲೆಕ್ಕದ ಪುಸ್ತಕ ಹಾಗೇ ಉಳೀತು ಅನ್ನಿ.

ಇದರ ಅರ್ಥವನ್ನು ಬಿಡಿಸಿದ್ದು ಒಂದು ಕುದುರೆ. ಕಲ್ಕತ್ತಾದ ಖಿದಿರ್‌ಪುರ್ ಡಾಕ್‌ಯಾರ್ಡ್ ಹತ್ತಿರ ಪಿ ಅಂಡ್ ಓ ಹಡಗು ಕಂಪನಿಯ ಗಾಡಿ ಹೋಗ್ತಾ ಇತ್ತು. ಸರ್ಕಾರಿ ಡಾಕ್‌ಯಾರ್ಡಿನ ಕೂಲಿಯಾಳುಗಳು ಹಡಗಿನ ಹೊಗೆಕೊಳವೆಗೆ ಬೇಕಾದ ಭಾರೀ ಕಬ್ಬಿಣ ಹೊತ್ತು ದಾರಿ ದಾಟ್ತಾ ಇದ್ದವರು ಅದನ್ನು ಧಡ್ ಅಂತ ಕೆಳಗೆ ಬಿಟ್ಟರು. ಕುದುರೆ ಬೆದರಿ ಅದೇ ಕಬ್ಬಿಣದ ಮೇಲೆ ಬಿದ್ದು ಗಾಯ ಮಾಡಿಕೊಂಡಿತು. ಪಿ ಅಂಡ್ ಓ ಪರಿಹಾರ ಕೇಳಿತು. ಮೊತ್ತ 350 ರೂಪಾಯಿ! 1861ರಲ್ಲಿ ಮುಖ್ಯ ನ್ಯಾಯಮೂರ್ತಿ ಸರ್ ಬಾರ್ನೆಸ್ ಪೀಕಾಕ್ ಒಂದು ಗೆರೆ ಎಳೆದರು. ಸರ್ಕಾರ ಮಾತ್ರ ಮಾಡಬಲ್ಲ ಕೆಲಸಗಳು ಒಂದು ಕಡೆ. ಖಾಸಗಿಯವರೂ ಮಾಡಬಹುದಾದ, ಡಾಕ್‌ಯಾರ್ಡ್ ನಡೆಸೋ ಥರದ ಕೆಲಸಗಳು ಇನ್ನೊಂದು ಕಡೆ. ಎರಡನೇ ಥರದ್ದರಲ್ಲಿ ಸರ್ಕಾರವೂ ಬೇರೆಯವರ ಹಾಗೇ ಕೋರ್ಟಿಗೆ ಉತ್ತರ ಹೇಳಬೇಕು.

ಇದು ಅಪಘಾತದ ಕೇಸು, ಗುತ್ತಿಗೆಯದ್ದಲ್ಲ, ನಿಜ. ಆದರೆ ಸರ್ಕಾರ ವ್ಯವಹಾರಕ್ಕೆ ಇಳಿದ ಮೇಲೆ ವ್ಯವಹಾರಸ್ಥನ ಹಾಗೇ ನಡ್ಕೋಬೇಕು ಅನ್ನೋ ಮಾತಿಗೆ ವಕೀಲರು ನೂರು ವರ್ಷ ನೇತುಬಿದ್ದಿದ್ದು ಇಲ್ಲಿಂದ.

ಬಾಗಿಲು ತೆರೆದಿತ್ತು, ಆದರೆ ಹೊಸ್ತಿಲು ಎತ್ತರ. 1908ರ ಸಿವಿಲ್ ಪ್ರೊಸೀಜರ್ ಕೋಡಿನ ಸೆಕ್ಷನ್ 80 ಪ್ರಕಾರ ಸರ್ಕಾರದ ಮೇಲೆ ದಾವೆ ಹೂಡೋಕೆ ಎರಡು ತಿಂಗಳು ಮೊದಲು ಲಿಖಿತ ನೋಟಿಸ್ ಕೊಡಬೇಕು. ಉದ್ದೇಶ ಒಳ್ಳೇದೇ, ಸರ್ಕಾರ ಯೋಚನೆ ಮಾಡಿ ಕೋರ್ಟಿಗೆ ಹೋಗದೇ ಬಗೆಹರಿಸಲಿ ಅಂತ. ನಡೆದಿದ್ದು ಬಹಳ ಸಲ ಬೇರೆ. ನೋಟಿಸಲ್ಲಿ ಹೆಸರು ಸರಿ ಇಲ್ಲ, ವಿಳಾಸ ಸರಿ ಇಲ್ಲ ಅಂತ ಕೇಸುಗಳೇ ಬಿದ್ದುಹೋದವು. ತುರ್ತು ಇದ್ರೆ ಕೋರ್ಟಿನ ಅನುಮತಿ ತಗೊಂಡು ನೋಟಿಸ್ ಇಲ್ಲದೇ ದಾವೆ ಹಾಕಬಹುದು ಅನ್ನೋ ವಿನಾಯಿತಿ ಬಂದಿದ್ದು 1976ರ ತಿದ್ದುಪಡಿಯಲ್ಲಿ.

ಎರಡನೇ ಹೊಸ್ತಿಲು ಇನ್ನೂ ದೊಡ್ಡದು. 1935ರ ಗವರ್ನ್‌ಮೆಂಟ್ ಆಫ್ ಇಂಡಿಯಾ ಕಾಯಿದೆಯ ಸೆಕ್ಷನ್ 175ರ ಮೂರನೇ ಉಪವಿಧಿ ಏನು ಹೇಳುತ್ತೆ ಅಂದ್ರೆ, ಸರ್ಕಾರದ ಒಪ್ಪಂದ ಗವರ್ನರ್ ಜನರಲ್ ಅಥವಾ ಗವರ್ನರ್ ಹೆಸರಲ್ಲೇ ಇರಬೇಕು, ಅವರು ನೇಮಿಸಿದವರೇ, ಅವರು ಹೇಳಿದ ರೀತಿಯಲ್ಲೇ ಸಹಿ ಮಾಡಬೇಕು. ಇದೇ ನಮ್ಮ ಸಂವಿಧಾನದ 299ನೇ ವಿಧಿಯಾಯ್ತು. ಇವತ್ತಿಗೂ ಯಾವುದಾದ್ರೂ ಸರ್ಕಾರಿ ಗುತ್ತಿಗೆ ಕರಾರು ತೆಗೆದು ನೋಡಿ, ರಾಜ್ಯಪಾಲರ ಪರವಾಗಿ ಅಂತ ಇರುತ್ತೆ. ಅದು ಬರೀ ಮರ್ಯಾದೆಯ ಮಾತಲ್ಲ.

ಈ ಒಂದು ಸಾಲಿಗೆ ಸಿಕ್ಕಿ ನುಚ್ಚುನೂರಾದ ಕೇಸು ಭಿಖ್‌ರಾಜ್ ಜೈಪುರಿಯಾ ಅವರದ್ದು. ಅದೂ ಕ್ಷಾಮದ ಕಾಲದ್ದೇ, 1943ರದ್ದು. ಈಸ್ಟ್ ಇಂಡಿಯನ್ ರೈಲ್ವೆಯ ದಾನಾಪುರ ವಿಭಾಗದ ಡಿವಿಜನಲ್ ಸೂಪರಿಂಟೆಂಡೆಂಟ್ ಧಾನ್ಯ ಪೂರೈಸಿ ಅಂತ ಖರೀದಿ ಆದೇಶ ಕೊಟ್ಟಿದ್ದರು. ಒಂದಷ್ಟು ಧಾನ್ಯ ಹೋಯ್ತು. ಆಮೇಲೆ ರೈಲ್ವೆ ಸಾಕು, ತಗೊಳ್ಳಲ್ಲ ಅಂತು. ಉಳಿದ ಮಾಲಿನ ನಷ್ಟಕ್ಕೆ ಜೈಪುರಿಯಾ ಕೋರ್ಟಿಗೆ ಹೋದರು. ಕೆಳಗಿನ ಕೋರ್ಟಲ್ಲಿ ಗೆದ್ದರು, ಪಟ್ನಾ ಹೈಕೋರ್ಟಲ್ಲಿ ಸೋತರು, ಕೊನೆಗೆ ಸುಪ್ರೀಂ ಕೋರ್ಟಿಗೆ ಬಂದರು.

1961ರ ಜುಲೈನಲ್ಲಿ ತೀರ್ಪು ಬಂತು. ಅಧಿಕಾರಿಗೆ ಧಾನ್ಯ ಕೊಳ್ಳೋ ಅಧಿಕಾರ ಇತ್ತು ಅನ್ನೋದನ್ನು ಕೋರ್ಟು ಒಪ್ಪಿಕೊಂಡಿತು. ಅಧಿಕಾರ ಕೊಟ್ಟಿದ್ದನ್ನು ಬೇರೆ ಸಾಕ್ಷ್ಯದಿಂದಲೂ ತೋರಿಸಬಹುದು ಅಂತು. ಅಷ್ಟಾದ್ರೂ ಜೈಪುರಿಯಾ ಸೋತರು. ಯಾಕೆ? ಆ ಆದೇಶಗಳಲ್ಲಿ ಗವರ್ನರ್ ಜನರಲ್ ಪರವಾಗಿ ಅನ್ನೋ ಮಾತು ಇರಲಿಲ್ಲ. ಕಾನೂನು ಹೇಳಿದ ರೂಪದಲ್ಲಿ ಇಲ್ಲದ ಒಪ್ಪಂದ ಒಪ್ಪಂದವೇ ಅಲ್ಲ.

ಕೇಳಿದ್ರೆ ಹೊಟ್ಟೆ ಉರಿಯುತ್ತೆ, ಅಲ್ವಾ? ಆದರೆ ಒಂದು ನಿಮಿಷ ಸರ್ಕಾರದ ವಕೀಲರ ಕುರ್ಚಿಯಲ್ಲಿ ಕೂತು ನೋಡಿ. ರೂಪ ಮುಖ್ಯ ಅಲ್ಲ ಅಂತ ಬಿಟ್ಟುಬಿಟ್ರೆ, ಯಾವುದೋ ಮೂಲೆಯ ಅಧಿಕಾರಿ ತನಗೆ ಬೇಕಾದ ಕಂಟ್ರಾಕ್ಟರ್‌ಗೆ ಬಾಯಲ್ಲೇ ಕೋಟಿ ರೂಪಾಯಿ ಕೆಲಸ ಹೇಳಬಹುದು. ಕೊನೆಗೆ ಅದನ್ನು ಕಟ್ಟೋದು ಜನರ ತೆರಿಗೆ. 299ನೇ ವಿಧಿ ಇರೋದು ಆ ದುಡ್ಡಿನ ಕಾವಲಿಗೆ. ನನ್ನ ಪ್ರಕಾರ ನಿಯಮ ಸರಿ ಇದೆ. ತಪ್ಪು ಎಲ್ಲಿ ಅಂದ್ರೆ, ನಿಯಮ ಮುರಿದಿದ್ದು ಸರ್ಕಾರಿ ಆಫೀಸು, ಬೆಲೆ ಕಟ್ಟಿದ್ದು ಹೊರಗಿನವನು.

ಈಗ ಮಂಡಲ್ ಅಂಡ್ ಸನ್ಸ್ ಹತ್ತಿರ ವಾಪಸ್ ಬರೋಣ. ಅವರದ್ದೂ ಅದೇ ರೋಗ, ಅವರ ಹತ್ತಿರವೂ ಸರಿಯಾದ ರೂಪದ ಒಪ್ಪಂದ ಇಲ್ಲ. ಆದರೆ ಅವರ ವಕೀಲರು ದಾವೆಯಲ್ಲಿ ಎರಡು ಹಗ್ಗ ಕಟ್ಟಿದ್ದರು. ಮೊದಲನೇದು, ನಮಗೂ ಸರ್ಕಾರಕ್ಕೂ ಒಪ್ಪಂದ ಇದೆ, ದುಡ್ಡು ಕೊಡಿ. ಎರಡನೇದು, ಒಪ್ಪಂದ ಇಲ್ಲ ಅಂತಾದ್ರೂ ಭಾರತೀಯ ಕರಾರು ಕಾಯಿದೆ, 1872ರ ಸೆಕ್ಷನ್ 70 ಅಡಿ ದುಡ್ಡು ಕೊಡಿ.

ನಾನು ಬಿ.ಕಾಂ ಓದುವಾಗ ಬಿಸಿನೆಸ್ ಲಾ ಪೇಪರಿನಲ್ಲಿ ಈ ಸೆಕ್ಷನ್ ಇತ್ತು. ಕ್ವಾಸಿ ಕಾಂಟ್ರಾಕ್ಟ್ ಅಂತ ಒಂದು ಪುಟ್ಟ ಚಾಪ್ಟರು, 68ರಿಂದ 72ರವರೆಗೆ. ಶಾರ್ಟ್ ನೋಟ್ ಬರೀರಿ ಅಂತ ಬರೋದು, ನಾವೆಲ್ಲ ಪರೀಕ್ಷೆ ಹಿಂದಿನ ರಾತ್ರಿ ಬಾಯಿಪಾಠ ಮಾಡೋದು. ವಿಷಯ ಸರಳ. ಒಬ್ಬ ನ್ಯಾಯವಾಗಿ ಇನ್ನೊಬ್ಬನಿಗೋಸ್ಕರ ಏನೋ ಮಾಡ್ತಾನೆ, ಪುಕ್ಕಟೆ ಮಾಡೋ ಉದ್ದೇಶ ಅವನಿಗಿಲ್ಲ, ಇನ್ನೊಬ್ಬ ಅದರ ಲಾಭ ಅನುಭವಿಸ್ತಾನೆ. ಹಾಗಿದ್ರೆ ಲಾಭ ಪಡೆದವನು ಪರಿಹಾರ ಕೊಡಬೇಕು, ಅಥವಾ ಕೊಟ್ಟಿದ್ದನ್ನು ಹಿಂದಿರುಗಿಸಬೇಕು. ಇಂಥ ಒಂದು ಸಾಲಿನ ಹಿಂದೆ ಯಾರದೋ ಶೆಡ್ಡು, ಯಾರದೋ ಅಡುಗೆಮನೆ ಇದೆ ಅಂತ ನಮ್ಮ ಗೈಡಲ್ಲಿ ಬರೆದಿರಲಿಲ್ಲ.

ಕಲ್ಕತ್ತಾ ಹೈಕೋರ್ಟು ಮಂಡಲ್ ಪರ ತೀರ್ಪು ಕೊಟ್ಟಿತು. ರಾಜ್ಯ ಸರ್ಕಾರ ಅಪೀಲು ಹೋಯ್ತು. ಸರ್ಕಾರದ ಕಡೆಯ ವಾದ ಗಟ್ಟಿಯಾಗೇ ಇತ್ತು. ಮುಂಬಾಗಿಲಲ್ಲಿ ಒಪ್ಪಂದಕ್ಕೆ ಬೇಡ ಅಂತೀರಿ, ಹಿತ್ತಲ ಬಾಗಿಲಲ್ಲಿ ಸೆಕ್ಷನ್ 70 ಅಂತ ಅದನ್ನೇ ಒಳಗೆ ಬಿಟ್ರೆ ಆ ನಿಯಮಕ್ಕೆ ಏನು ಅರ್ಥ ಉಳೀತು? 1961ರ ಡಿಸೆಂಬರಿನಲ್ಲಿ, ಅಂದ್ರೆ ಜೈಪುರಿಯಾ ತೀರ್ಪು ಬಂದ ಐದೇ ತಿಂಗಳಿಗೆ, ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್ ಬಹುಮತದ ತೀರ್ಪಿನಲ್ಲಿ ಇದಕ್ಕೆ ಉತ್ತರ ಬರೆದರು. ಇಲ್ಲಿ ಕೇಳ್ತಿರೋದು ಒಪ್ಪಂದದ ದುಡ್ಡಲ್ಲ. ಸರ್ಕಾರಕ್ಕೆ ಬೇಡ ಅನ್ನೋ ಸ್ವಾತಂತ್ರ್ಯ ಇತ್ತು, ಕಟ್ಟಿದ್ದನ್ನು ತೆಗೆದುಕೊಂಡು ಹೋಗಿ ಅನ್ನಬಹುದಿತ್ತು. ಹಾಗೆ ಅನ್ನದೇ ಇಟ್ಕೊಂಡು ಬಳಸಿದ ಮೇಲೆ ಕೊಡಬೇಕು. ಸರ್ಕಾರ ಅಂತ ಸೆಕ್ಷನ್ 70ರಿಂದ ವಿನಾಯಿತಿ ಇಲ್ಲ.

ಎರಡೂ ಕ್ಷಾಮದ ಕಾಲದ ವ್ಯವಹಾರ, ಎರಡರಲ್ಲೂ ಕಾಗದ ಸರಿ ಇಲ್ಲ, ಎರಡೂ ಒಂದೇ ವರ್ಷ ಒಂದೇ ಕೋರ್ಟಲ್ಲಿ ಮುಗಿದವು. ಒಬ್ಬರು ಸೋತರು, ಒಬ್ಬರು ಗೆದ್ದರು. ವ್ಯತ್ಯಾಸ ಎಲ್ಲಿ ಅಂದ್ರೆ, ಮಂಡಲ್ ಕಟ್ಟಿದ ಶೆಡ್ಡನ್ನು ಸರ್ಕಾರ ಉಪಯೋಗಿಸಿತ್ತು. ಜೈಪುರಿಯಾ ಕೇಳಿದ್ದು ರೈಲ್ವೆ ತಗೊಳ್ಳದೇ ಬಿಟ್ಟ ಧಾನ್ಯದ ನಷ್ಟ. ತಗೊಳ್ಳದ ಮಾಲಿಂದ ಲಾಭ ಪಡೆದ್ರಿ ಅಂತ ಹೇಳೋದು ಹೇಗೆ? ಒಪ್ಪಂದ ಒಂದೇ ಅವರ ಆಸರೆಯಾಗಿತ್ತು, ಅದು ಮುರೀತು. ವಕೀಲ ಮೊದಲ ದಿನ ಕೇಳಬೇಕಾದ ಪ್ರಶ್ನೆ ಇದೇ: ನಿಮ್ಮ ಕೆಲಸ ಈಗ ಯಾರ ಕೈಲಿದೆ?

ಇದನ್ನು ಓದ್ತಾ ನನಗೆ ನಮ್ಮ ಚಿಕ್ಕಪ್ಪ ನೆನಪಾಗ್ತಿದ್ರು. ಸಣ್ಣ ಸಿವಿಲ್ ಕಂಟ್ರಾಕ್ಟರ್. ಒಂದು ಸರ್ಕಾರಿ ಕಚೇರಿಗೆ ಚರಂಡಿ ಕೆಲಸ ಮಾಡುವಾಗ, ವರ್ಕ್ ಆರ್ಡರಲ್ಲಿ ಇದ್ದದ್ದಕ್ಕಿಂತ ಮುಂದಕ್ಕೂ ಎಳೀರಿ, ಎಕ್ಸ್‌ಟ್ರಾ ಐಟಂ ಅಂತ ಸೇರಿಸೋಣ ಅಂತ ಸೈಟಲ್ಲೇ ಹೇಳಿದ್ರಂತೆ. ಚರಂಡಿ ಮುಂದಕ್ಕೆ ಹೋಯ್ತು, ನೀರು ಹರೀತು, ಹೇಳಿದ ಇಂಜಿನಿಯರ್‌ಗೆ ಟ್ರಾನ್ಸ್‌ಫರ್ ಆಯ್ತು. ಹೊಸಬರು ಅಷ್ಟು ಉದ್ದಕ್ಕೆ ಎಂಬಿ ಬರೆಯಲ್ಲ ಅಂದ್ರು. ಮೆಜರ್‌ಮೆಂಟ್ ಬುಕ್‌ಗೆ ಹತ್ತದ ಕೆಲಸ ಬಿಲ್ಲಿಗೂ ಹತ್ತಲ್ಲ.

"ಚಿಕ್ಕಪ್ಪಾ, ವಕೀಲರ ಹತ್ರ ಹೋಗೋಣ" ಅಂದೆ.

"ಸುಮ್ನಿರಪ್ಪ, ನಾಳೆ ಮತ್ತೆ ಅದೇ ಆಫೀಸಲ್ಲಿ ಟೆಂಡರ್ ಹಾಕ್ಬೇಕು" ಅಂದ್ರು.

ಈ ಭಯ ಯಾವ ಕಾನೂನು ಪುಸ್ತಕದಲ್ಲೂ ಇಲ್ಲ, ಆದರೆ ಸೆಕ್ಷನ್ 80ಕ್ಕಿಂತ ಎತ್ತರದ ಹೊಸ್ತಿಲು ಇದು. ಮಾಡಿದ ಕೆಲಸದ ಹಣಕ್ಕೆ ದಾವೆ ಹೂಡೋಕೆ ಕಾಲಮಿತಿ ಸಾಮಾನ್ಯವಾಗಿ ಮೂರು ವರ್ಷ. ನಾಳೆ ಪಾಸಾಗುತ್ತೆ, ಮಾರ್ಚ್‌ಗೆ ಗ್ರ್ಯಾಂಟ್ ಬರುತ್ತೆ ಅಂತ ಕಾಯ್ತಾ ಕೂತ್ರೆ ಆ ಮೂರು ವರ್ಷ ಸದ್ದಿಲ್ಲದೇ ಕಳೆಯುತ್ತೆ. ಸರ್ಕಾರಕ್ಕೆ ಆ ಅವಸರ ಇಲ್ಲ. ಅದರ ವಕೀಲರ ಫೀಸು ಖಜಾನೆಯಿಂದ ಹೋಗುತ್ತೆ, 19 ಸಾವಿರಕ್ಕೂ ದೇಶದ ದೊಡ್ಡ ಕೋರ್ಟಿನವರೆಗೆ ಹೋಗಬಹುದು. ಗುತ್ತಿಗೆದಾರ ಮಾತ್ರ ಪ್ರತಿ ಹಿಯರಿಂಗಿಗೂ ಜೇಬು ಮುಟ್ಟಿ ನೋಡ್ಕೋಬೇಕು.

ಮುಂದಿನ ಕಥೆಗೆ ದೂರ ಹೋಗೋದು ಬೇಡ, ನಮ್ಮ ತೀರ್ಥಹಳ್ಳಿಗೆ ಬನ್ನಿ. ಶ್ರೀ ರಾಮೇಶ್ವರ ರೈಸ್ ಮಿಲ್ಸ್. ಭತ್ತ ಖರೀದಿ ಯೋಜನೆಯಡಿ ಕರ್ನಾಟಕ ಸರ್ಕಾರದ ಜೊತೆ ಕರಾರು ಮಾಡಿಕೊಂಡಿದ್ದ ಮಿಲ್ಲು. ಆ ಕರಾರಿನ 12ನೇ ಷರತ್ತು ನೋಡಿ: ಮಿಲ್ಲಿನವರು ಷರತ್ತು ಮುರಿದರೆ, ಸರ್ಕಾರ ಎಷ್ಟು ನಷ್ಟ ಅಂತ ಲೆಕ್ಕ ಹಾಕುತ್ತೋ ಅಷ್ಟು ಕೊಡಬೇಕು. ಸರ್ಕಾರ ಇದನ್ನು ಹೇಗೆ ಓದಿತು ಅಂದ್ರೆ, ಷರತ್ತು ಮುರಿದಿದ್ದೀರಾ ಇಲ್ವಾ ಅಂತ ತೀರ್ಮಾನ ಮಾಡೋದೂ ನಾವೇ, ನಷ್ಟ ಎಷ್ಟು ಅನ್ನೋದೂ ನಾವೇ, ಕೊಡದಿದ್ರೆ ಭೂಕಂದಾಯದ ಬಾಕಿ ಥರ ವಸೂಲಿ ಮಾಡೋದೂ ನಾವೇ. ಬೌಲಿಂಗೂ ಅವರೇ, ಅಂಪೈರೂ ಅವರೇ.

ಕರ್ನಾಟಕ ಹೈಕೋರ್ಟು ಮಿಲ್ಲಿನವರ ಮಾತು ಒಪ್ಪಿತು, ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯ್ತು, ಅಲ್ಲೂ ಸೋತಿತು. ಇಸವಿ 1987. ತಪ್ಪು ಮಾಡಿದ್ದೇನೆ ಅಂತ ಎದುರಿನವನು ಒಪ್ಪಿಕೊಂಡಿದ್ರೆ ನಷ್ಟದ ಲೆಕ್ಕ ನೀವು ಹಾಕಿ. ತಪ್ಪೇ ಮಾಡಿಲ್ಲ ಅಂತ ತಕರಾರು ಇದ್ರೆ, ಅದನ್ನು ತೀರ್ಮಾನಿಸೋಕೆ ಬೇರೆಯವರೇ ಬೇಕು, ಒಪ್ಪಂದದ ಒಂದು ಪಕ್ಷ ತನ್ನ ಕೇಸಿಗೆ ತಾನೇ ಜಡ್ಜ್ ಆಗೋಕಾಗಲ್ಲ ಅಂತ ಕೋರ್ಟು ಹೇಳಿತು. ದೊಡ್ಡ ದೊಡ್ಡ ಮೂಲಸೌಕರ್ಯ ಕಂಪನಿಗಳ ವಕೀಲರೂ ಇವತ್ತು ಇದನ್ನೇ ಉಲ್ಲೇಖಿಸ್ತಾರೆ. ಮಲೆನಾಡಿನ ಒಂದು ಅಕ್ಕಿ ಗಿರಣಿಯ ಹೆಸರು ದೇಶದ ಕೋರ್ಟುಗಳಲ್ಲಿ ಓಡಾಡ್ತಿದೆ ಅಂದ್ರೆ ನನಗಂತೂ ಖುಷಿ.

ಈ ಮಧ್ಯೆ ಇನ್ನೊಂದು ಬದಲಾವಣೆ ಆಗಿತ್ತು. ಅಲ್ಲಿವರೆಗೆ ಜಗಳ ಎಲ್ಲ ಒಪ್ಪಂದ ಆದ ಮೇಲಿನದ್ದು. 1970ರ ದಶಕದಲ್ಲಿ ವಕೀಲರು ಒಪ್ಪಂದಕ್ಕೂ ಮುಂಚಿನ ಹಂತಕ್ಕೆ, ಅಂದ್ರೆ ಟೆಂಡರ್ ಹಂತಕ್ಕೆ, ಸಂವಿಧಾನದ 14ನೇ ವಿಧಿ ಹಿಡ್ಕೊಂಡು ಬಂದರು. 1974ರಲ್ಲಿ ಎರೂಷಿಯನ್ ಇಕ್ವಿಪ್‌ಮೆಂಟ್ ಅನ್ನೋ ಕಂಪನಿಯ ಕೇಸಲ್ಲಿ, ಯಾರನ್ನಾದ್ರೂ ಬ್ಲ್ಯಾಕ್‌ಲಿಸ್ಟ್ ಮಾಡೋ ಮೊದಲು ಅವರ ಮಾತು ಕೇಳಬೇಕು ಅಂತ ಸುಪ್ರೀಂ ಕೋರ್ಟು ಹೇಳಿತು. ಆ ಕಂಪನಿ ಪಶ್ಚಿಮ ಬಂಗಾಳ ಸರ್ಕಾರದಿಂದ ಸಿಂಕೋನಾ ಉತ್ಪನ್ನ ಕೊಳ್ಳುತ್ತಿತ್ತು, ಮಲೇರಿಯಾಕ್ಕೆ ಕ್ವಿನೈನ್ ತೆಗೀತಾರಲ್ಲ, ಆ ಗಿಡ.

1979ರದ್ದು ಇನ್ನೂ ಸ್ವಾರಸ್ಯ. ಬಾಂಬೆ ಏರ್‌ಪೋರ್ಟಿನಲ್ಲಿ ಒಂದು ರೆಸ್ಟೋರೆಂಟು, ಎರಡು ಸ್ನ್ಯಾಕ್ ಬಾರು ನಡೆಸೋಕೆ ಟೆಂಡರ್. ಕೇಸ್ ಹಾಕಿದವರು ರಮಣ ದಯಾರಾಮ್ ಶೆಟ್ಟಿ. ಶೆಟ್ಟಿ, ಹೋಟೆಲು, ಬಾಂಬೆ ಅಂದ ತಕ್ಷಣ ಕರಾವಳಿಯ ಕೇಳುಗರ ಕಿವಿ ನೆಟ್ಟಗಾಗುತ್ತೆ ಅಂತ ಗೊತ್ತು! ಐದು ವರ್ಷ ಅನುಭವ ಇರೋ ನೋಂದಾಯಿತ ಎರಡನೇ ದರ್ಜೆ ಹೋಟೆಲಿನವರೇ ಬೇಕು ಅಂತ ನೋಟಿಸಲ್ಲಿತ್ತು, ಗುತ್ತಿಗೆ ಸಿಕ್ಕಿದ್ದು ಕ್ಯಾಂಟೀನ್ ನಡೆಸ್ತಿದ್ದವರಿಗೆ. ನೀವೇ ಹಾಕಿದ ಷರತ್ತನ್ನು ನೀವೇ ಮುರಿಯೋ ಹಾಗಿಲ್ಲ ಅಂತ ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದರು. ಅಷ್ಟು ಬರೆದೂ ಗುತ್ತಿಗೆ ರದ್ದು ಮಾಡಲಿಲ್ಲ. ಶೆಟ್ಟಿಯವರು ಸ್ವತಃ ಟೆಂಡರ್ ಹಾಕಿರಲಿಲ್ಲ, ಕೋರ್ಟಿಗೆ ಬರೋಕೆ ಐದು ತಿಂಗಳು ತಡ ಮಾಡಿದ್ದರು, ಅಷ್ಟರಲ್ಲಿ ಗೆದ್ದವರು ದುಡ್ಡು ಸುರಿದು ಎಲ್ಲ ಜೋಡಿಸಿಕೊಂಡಿದ್ದರು. ಕಾನೂನು ಗೆದ್ದಿತು, ಕಕ್ಷಿದಾರ ಸೋತ. ಅವತ್ತಿಂದ ಟೆಂಡರ್ ವಕೀಲರ ಕೆಲಸ ಅಂದ್ರೆ ಓಟ, ತಿಂಗಳುಗಳಲ್ಲ, ದಿನಗಳ ಲೆಕ್ಕ. 1994ರ ಟಾಟಾ ಸೆಲ್ಯುಲರ್ ತೀರ್ಪು ಆ ಓಟಕ್ಕೂ ಒಂದು ಬೇಲಿ ಹಾಕಿತು. ನಿರ್ಧಾರ ಮಾಡಿದ ರೀತಿ ಸರಿ ಇದೆಯಾ ಅಂತ ಕೋರ್ಟು ನೋಡುತ್ತೆ, ನಿರ್ಧಾರದ ಮೇಲೆ ಅಪೀಲು ಕೇಳೋಕೆ ಕೂರಲ್ಲ. ನಮ್ಮಲ್ಲಿ ಕೆಟಿಪಿಪಿ ಅಂತ ಕರೆಯೋ 1999ರ ಕಾಯಿದೆಯಲ್ಲಿ ಟೆಂಡರ್ ತೀರ್ಮಾನದ ವಿರುದ್ಧ ಮೇಲ್ಮನವಿಗೆ ಸೆಕ್ಷನ್ 16 ಇದೆ, ಕೋರ್ಟಿಗೆ ಓಡೋ ಮೊದಲು ವಕೀಲರು ನೋಡೋದು ಅದನ್ನು.

ಕೊನೆಯದಾಗಿ ಆರ್ಬಿಟ್ರೇಷನ್, ಅಂದ್ರೆ ಮಧ್ಯಸ್ಥಿಕೆ. ಕೋರ್ಟು ನಿಧಾನ ಅಂತ ಸರ್ಕಾರಿ ಕರಾರುಗಳಲ್ಲಿ ಈ ಷರತ್ತು ಹಾಕ್ತಿದ್ರು. ಮಧ್ಯಸ್ಥ ಯಾರು ಅಂತ ನೋಡಿದ್ರೆ ಎಷ್ಟೋ ಸಲ ಅದೇ ಇಲಾಖೆಯ ದೊಡ್ಡ ಇಂಜಿನಿಯರ್! 2015ರ ತಿದ್ದುಪಡಿ ಪಕ್ಷಗಳ ನೌಕರರು ಮಧ್ಯಸ್ಥರಾಗೋದನ್ನು ತಡೀತು. ಆಮೇಲೆ ರೈಲ್ವೆಯಂಥ ಕಡೆ ನಿವೃತ್ತ ಅಧಿಕಾರಿಗಳ ಪಟ್ಟಿ ಬಂತು, ಇದರಲ್ಲೇ ಆರಿಸಿಕೊಳ್ಳಿ ಅಂತ. 2024ರ ನವೆಂಬರ್ 8ರಂದು, ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಇದ್ದ ಐವರ ಸಂವಿಧಾನ ಪೀಠ, ಒಂದೇ ಪಕ್ಷ ಮಧ್ಯಸ್ಥರನ್ನು ನೇಮಿಸೋ ಇಂಥ ಷರತ್ತುಗಳು ಸರ್ಕಾರಿ ಕರಾರಿನಲ್ಲಿ 14ನೇ ವಿಧಿಗೆ ವಿರುದ್ಧ ಅಂತ ಬಹುಮತದಿಂದ ಹೇಳಿತು.

ಅಂಪೈರ್ ಬದಲಾದ್ರು. ಆದರೆ ಅದೇ ವರ್ಷ ಜೂನ್ 3ರಂದು ಕೇಂದ್ರ ಹಣಕಾಸು ಸಚಿವಾಲಯ ಇನ್ನೊಂದು ಮಾರ್ಗಸೂಚಿ ಹೊರಡಿಸಿತ್ತು: ದೊಡ್ಡ ಕರಾರುಗಳಲ್ಲಿ ಮಧ್ಯಸ್ಥಿಕೆಯ ಷರತ್ತನ್ನು ಸುಮ್ಮನೆ ಹಾಕ್ತಾ ಹೋಗಬೇಡಿ, ಸಾಮಾನ್ಯವಾಗಿ 10 ಕೋಟಿ ರೂಪಾಯಿಗಿಂತ ಕಡಿಮೆ ಮೊತ್ತದ ವ್ಯಾಜ್ಯಗಳಿಗೆ ಮಾತ್ರ ಇಟ್ಕೊಳ್ಳಿ. ಹಾಗಾಗಿ ಹೊಸ ದೊಡ್ಡ ಗುತ್ತಿಗೆಗಳಲ್ಲಿ ರಾಜಿ ಆಗದಿದ್ರೆ ಉಳಿಯೋ ದಾರಿ ಕೋರ್ಟು. ಅಲ್ಲಿಗೆ ಹೋಗೋ ಮುಂಚೆ ವಕೀಲರು ಮತ್ತೆ ಟೈಪ್ ಮಾಡಬೇಕಾಗಿರೋದು ಸೆಕ್ಷನ್ 80ರ ಅದೇ ಎರಡು ತಿಂಗಳ ನೋಟಿಸು.